ಗಂಟು ನಿಲ್ಲದ ಹಾಡು

ಹೃದಯ ಒತ್ತಿದರೆ ಕೆಂಪಾಗುತ್ತದೆ.
ಒಂದು ತೋಳು ಹೊಲಿದು ತಲೆಯೆತ್ತುವಷ್ಟರಲ್ಲಿ
ಮತ್ತೆ ಬರೀ ಗೆರೆ,
ಸೀಮೆಸುಣ್ಣದಲ್ಲಿ ಬರೆದು ಕತ್ತರಿಸದೆ ಬಿಟ್ಟ ಬಟ್ಟೆಯ ಹಾಗೆ.

ಸೋಮವಾರದಿಂದ ಇದೇ ಕತೆ.
ಕೊಳಲಿನಿಂದ ಶುರುವಾಗುವುದೊಂದಿತ್ತು, ಹೋಯಿತು.
ಮುದುಕಿಯೊಬ್ಬಳು ನಗು ತಡೆದು ಹಾಡುವ ಸೋಬಾನೆ, ಹೋಯಿತು.
ಇನ್ನೊಂದರ ನಡುವೆ ಯಾರೋ ಕೆಮ್ಮುತ್ತಾರೆ,
ಆ ಕೆಮ್ಮಿಗಾಗಿಯೇ ಇಟ್ಟುಕೊಂಡಿದ್ದೆ.
ಅದೂ.

ಬೊಳ್ಳಮ್ಮನ ಮೊಮ್ಮಗಳ ಮದುವೆ ಹದಿನೇಳಕ್ಕೆ.
ಹನ್ನೊಂದು ಜಾಕೆಟ್ಟು, ಎಲ್ಲಕ್ಕೂ ಉದ್ದ ತೋಳು.
ಹಾಡಿಲ್ಲದೆ ನನ್ನ ಕಾಲು ಪೆಡಲಿನ ಮಾತು ಕೇಳುವುದಿಲ್ಲ.

ಎದುರಿನ ಮೊಬೈಲ್ ಅಂಗಡಿಯ ಸಫ್ವಾನ್
ಹಲ್ಲಲ್ಲಿ ಸಿಮ್ ಪಿನ್ನು ಕಚ್ಚಿಕೊಂಡೇ ವಿಚಾರಣೆ ನಡೆಸಿದ.
ಆಪ್ ಅಪ್‌ಡೇಟ್ ಮಾಡಿದ್ರಾ ದಮಯಂತಕ್ಕಾ?
ಮಾಡಿದೆ.
ಜಾಗ ಇದ್ಯಾ?
ಇದೆ. ಬ್ಲೌಸಿನ ಕತ್ತಿನ ಡಿಸೈನು ಆರುನೂರು ಅಳಿಸಿದೆ.
ಆಫ್ ಮಾಡಿ ಆನ್?
ಅದನ್ನು ವಿರಾಜಪೇಟೆಯಲ್ಲಿ ಯಾರು ಮಾಡಿಲ್ಲ ಹೇಳು.

ಹಾಗಾದ್ರೆ ಕ್ಯಾಶ್ ತೆಗೀಬೇಕು ಎಂದ.
ನಾನು ಪರ್ಸಿಗೆ ಕೈ ಹಾಕಿದೆ.
ಆ ಕ್ಯಾಶಲ್ಲ ಅಂತ ನಕ್ಕ.
ಅದನ್ನು ತೆಗೆದ. ಒಮ್ಮೆ ಹೊರಬಂದ,
ಮತ್ತೆ ಒಳಹೋಗಲು ಪಾಸ್‌ವರ್ಡು.
ಬಾಯಿಗೆ ಬರಲಿಲ್ಲ. ಬೆರಳಿಗೆ ಬಂತು:
ಅವಳ ಹಿ, ನನ್ನ ದ, ಅಂಗಡಿ ತೆರೆದ ವರ್ಷ.

ಸಫ್ವಾನ್ ಫೋನು ನನ್ನತ್ತ ತಿರುಗಿಸಿದ.
ಈ ಖಾತೆಗೆ ಎರಡು ಫೋನು ಅಕ್ಕಾ.
ಒಂದು ಇದು.
ಇನ್ನೊಂದು ಕುಶಾಲನಗರದ್ದು, ಸೋಮವಾರ ಸೇರಿದೆ.
ನಾಲ್ಕು ನಿಮಿಷದ ಹಿಂದೆ ಎಚ್ಚರ ಇತ್ತು.

ಹಿಲ್ಡಾ.

ಮೂರು ವರ್ಷದ ಹಿಂದೆ, ನೇರಳೆ ರೇಷ್ಮೆಯ ಮೇಲೆ
ಇಸ್ತ್ರಿ ಕೂತ ಗುರುತು, ಮೂತಿ ಚೂಪಾದ ದೋಣಿಯಂಥದ್ದು.
ನಾನಿಟ್ಟದ್ದಲ್ಲ ಎಂದಳು.
ನಾನೂ ಅದನ್ನೇ ಎಂದೆ.
ಒಂದು ಮಿಷನ್ನು ಅವಳ ಜೊತೆ ಜೀಪು ಹತ್ತಿತು, ಒಂದು ಉಳಿಯಿತು.
ಇಸ್ತ್ರಿಪೆಟ್ಟಿಗೆ ಇಬ್ಬರಿಗೂ ಬೇಡವಾಗಿ
ಇನ್ನೂ ಮೂಲೆಯಲ್ಲೇ ಇದೆ, ಗೋಡೆಗೆ ಮುಖ ಮಾಡಿ.

ಹೊಸ ಫೋನು ಕೊಂಡಿರಬೇಕು ಪುಣ್ಯಾತ್ಗಿತ್ತಿ.
ಕೊಂಡು, ಹಾಡು ಬೇಕೆನಿಸಿ, ಕೂತು,
ಹಿ ಒತ್ತಿ, ಆಮೇಲೆ ದ ಒತ್ತಿ...
ಅವಳ ಬೆರಳಿಗೂ ನೆನಪಿತ್ತು ಅಂತಾಯಿತಲ್ಲ.

ಆಮೇಲಿಂದ ಅವಳ ಪಟ್ಟಿಯಲ್ಲಿ ಇದ್ದಕ್ಕಿದ್ದಂತೆ
ಯಾರದೋ ಕೊಳಲು, ಯಾರದೋ ಕೆಮ್ಮು.
ಏನು ಬಂತು ಈ ಫೋನಿಗೆ ಅಂತ ಅವಳೂ ಬೈದಿರಬೇಕು,
ಹೆಚ್ಚಾದ ದಾರವನ್ನು ಹಲ್ಲಲ್ಲಿ ಕಡಿಯುತ್ತಾಳಲ್ಲ
ಹಾಗೆ ಒಂದೊಂದನ್ನೇ ಕಡಿದು ಬಿಸಾಡಿರಬೇಕು.
ಅಲ್ಲೂ ಒಬ್ಬ ಹುಡುಗ ಪಿನ್ನು ಕಚ್ಚಿಕೊಂಡು
ಜಾಗ ಇದ್ಯಾ ಎಂದು ಕೇಳಿರಬೇಕು.
ಅಥವಾ ಗೊತ್ತಿದ್ದೇ ತೆಗೆದಿರಬೇಕು.
ಅದೂ ಅವಳು ಮಾಡುವಂಥದ್ದೇ.

ತೆಗೀಲಾ? ಎಂದ ಸಫ್ವಾನ್, ಬೆರಳು ಗುಂಡಿಯ ಮೇಲೆ.
ಇರಲಿ.
ಹಾಡು ನಿಲ್ಲಲ್ಲ ಮತ್ತೆ.
ಗೊತ್ತಾಯ್ತು ಮಾರಾಯ. ಎಷ್ಟು ಕೊಡಬೇಕು?
ರಿಪೇರಿಯೇ ಆಗಿಲ್ಲವಲ್ಲ, ಎಂದವನು
ಬಿಚ್ಚಿಹೋದ ಪ್ಯಾಂಟಿನ ಅಂಚು ತೋರಿಸಿದ.

ಸಂಜೆ, ಎಂಟನೇ ಜಾಕೆಟ್ಟು.
ಕೆಮ್ಮಿನ ಹಾಡಿಗೆ ಮತ್ತೊಮ್ಮೆ ಒತ್ತಿದೆ. ಕೆಂಪಾಯಿತು.
ಎಡ ತೋಳು ಮುಗಿಯಿತು. ಕೆಂಪೇ.
ಬಲ ತೋಳು ಮುಗಿದು, ಕೊಕ್ಕೆ ಆರೂ ಹಾಕಿ,
ಸಫ್ವಾನನ ಪ್ಯಾಂಟಿಗೆ ಎರಡು ಸುತ್ತು ಹೊಲಿಗೆ ಹಾಕಿ ನೋಡಿದೆ.
ಕೆಂಪೇ.

ನಾನೇನೂ ಅಂದುಕೊಳ್ಳಲಿಲ್ಲ.
ಕುಶಾಲನಗರದಲ್ಲಿ ಕರೆಂಟು ಹೋಗಿರಬಹುದು.